ನೂರ ಹನ್ನೆರಡನೇ ಪುಟದ ಚಿತ್ರ

ನವೆಂಬರ್ 14
ಬೈಂಡಿಂಗ್ ಅಂಗಡಿಯಿಂದ

ಪುಟ್ಟೀ,

ಹೀಗೆ ಕರೆದೆನೆಂದು ಸಿಟ್ಟಾಗಬೇಡ. ಮೂವತ್ತಮೂರು ವರ್ಷದ ನಿನ್ನನ್ನು ಬೇರೆ ಹೇಗೆ ಕರೆಯಬೇಕೋ ನನಗೆ ಗೊತ್ತಿಲ್ಲ. ನಾನು ಕಂಡ ನೀನು ಇಪ್ಪತ್ತಕ್ಕೇ ನಿಂತುಬಿಟ್ಟಿದ್ದೀಯ. ಆರೋಗ್ಯವಾಗಿದ್ದೀಯ ಅಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ನಾಲ್ಕು ತಿಂಗಳಾಯಿತು. ಉತ್ತರ ಬರೆಯಲೆಂದು ಎಷ್ಟೋ ಸಲ ಕೂತೆ. ಕೂತಾಗಲೆಲ್ಲ ರಟ್ಟು ಕತ್ತರಿಸುವುದೋ ಅಂಟು ಕಾಯಿಸುವುದೋ ನೆನಪಾಗಿ ಎದ್ದು ಹೋದೆ. ತಡವಾದದ್ದಕ್ಕೆ ಬೇರೆ ನೆಪವಿಲ್ಲ.

ನೀನು ಮೂರೇ ಸಾಲು ಬರೆದಿದ್ದೆ. "ಅಮ್ಮ ಹೋದ ಸುದ್ದಿ ತಲುಪಿತು. ಹೊಸಿಲು ತುಳಿಯಬೇಡ ಅಂದಿದ್ದಿರಿ, ಅದಕ್ಕೇ ಬರಲಿಲ್ಲ. ಒಂದು ಮಾತು ತಿಳಿಸಿ, ಅಮ್ಮ ಕೊನೆಯವರೆಗೂ ಅದನ್ನು ನಂಬಿದ್ದಳಾ?" ಅಷ್ಟೇ. ಮೊದಲು ನನ್ನನ್ನು 'ನೀನು' ಅನ್ನುತ್ತಿದ್ದೆ. ಈಗ 'ನೀವು' ಆಗಿದ್ದೇನೆ. ಅದನ್ನು ಓದಿ ಕನ್ನಡಕ ತೆಗೆದಿಟ್ಟೆ.

ಇಲ್ಲಿಯ ಸಮಾಚಾರ ಹೆಚ್ಚೇನಿಲ್ಲ. ಅಂಗಡಿಯ ಬಾಗಿಲನ್ನು ಅರ್ಧ ಮಾತ್ರ ತೆಗೆಯುತ್ತೇನೆ. ನನ್ನ ಕಣ್ಣಿಗೆ ಸೂಜಿಯ ತೂತು ಕಾಣದೆ ವರ್ಷಗಳಾದವು. ದಾರ ಪೋಣಿಸಿ ಕೊಡುತ್ತಿದ್ದವಳು ನಿನ್ನ ಅಮ್ಮನೇ. ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ, ಬೇಡವೆಂದರೂ ಕೇಳದೆ, ಮೂವತ್ತು ಸೂಜಿಗೆ ದಾರ ಹಾಕಿ ಹತ್ತಿಯ ದಿಂಬಿಗೆ ಚುಚ್ಚಿಟ್ಟಳು. "ಇವು ಮುಗಿಯೋದ್ರೊಳಗೆ ಬರ್ತೀನಿ, ಅಲ್ಲೀವರೆಗೆ ಯಾರ ಹತ್ರಾನೂ ಹಲ್ಲು ಗಿಂಜಬೇಡಿ" ಅಂದಳು. ನಾಲ್ಕು ಉಳಿದಿವೆ. ಅವನ್ನು ನಾನು ಮುಟ್ಟುತ್ತಿಲ್ಲ.

ನಮಗೆ ಪುಸ್ತಕ ಕಟ್ಟಲು ಕೊಡುತ್ತಿದ್ದ ಡಾಕ್ಟರು ತೀರಿಕೊಂಡರು. ಕಳೆದ ತಿಂಗಳು ಅವರ ಸೊಸೆ ಒಂದು ಚೀಲ ತಂದು ಮೇಜಿನ ಮೇಲಿಟ್ಟಳು. "ಮಾವನವರು ಇವನ್ನ ವೈದ್ಯದ ಪುಸ್ತಕಗಳ ಹಿಂದೆ ಬಚ್ಚಿಟ್ಟಿದ್ರು. ತೆಗೆದು ನೋಡಿದ್ರೆ ರಾಜರು, ರಾಣಿಯರು, ಯಾರ ಮೈಮೇಲೂ ಸರಿಯಾಗಿ ಬಟ್ಟೆ ಇಲ್ಲ! ನಮ್ಮತ್ತೆ ಪಾಪ, ಅವರು ಓದ್ತಾ ಇದ್ದಾರೆ ಅಂತ ಕಾಫಿ ಮಾಡಿಕೊಡ್ತಾ ಇದ್ರು" ಎಂದು ನಕ್ಕಳು. ಪುಸ್ತಕಗಳ ಬೆನ್ನು ಬಿಟ್ಟಿರುವ ಕಡೆ ಸರಿಮಾಡಿ ಕೊಡಬೇಕಂತೆ. ನನಗೆ ನಗು ಬರಲಿಲ್ಲ. ಚೀಲದ ಬಾಯಲ್ಲಿ ಕಂಡ ಹಸಿರು ಬೆನ್ನುಗಳನ್ನು ನಾನೇ ಕಟ್ಟಿದ್ದು.

ನಿನಗೂ ನೆನಪಿರುತ್ತದೆ. ಫ್ರೆಂಚ್ ಅರಮನೆಯ ಹಳೆಯ ಪ್ರೇಮದ ಕಥೆ, ಎರಡು ಸಂಪುಟ, ಇಪ್ಪತ್ತನಾಲ್ಕು ಬಣ್ಣದ ಚಿತ್ರ, ಪ್ರತಿ ಚಿತ್ರದ ಮೇಲೂ ಒಂದು ಬಟರ್ ಪೇಪರ್. ಹುಳ ತಿಂದ ಹೊಲಿಗೆ ಬಿಚ್ಚಿ, ಚಿತ್ರಗಳನ್ನೆಲ್ಲ ಬೇರೆ ತೆಗೆದು, ಮತ್ತೆ ಕಟ್ಟಬೇಕಿತ್ತು. ಆ ಬಟರ್ ಪೇಪರುಗಳನ್ನು ಕತ್ತರಿಸಿದವಳು ಅಮ್ಮ. "ಈ ಹೆಂಗಸರಿಗೆ ಉಡಿಸೋ ಕೆಲಸಾನೂ ನನಗೇ ಬಂತು ನೋಡು" ಅನ್ನುತ್ತಿದ್ದಳು. ನೀನು ಮಾತ್ರ ನಗುತ್ತಿರಲಿಲ್ಲ. ಬಟರ್ ಪೇಪರ್ ಎತ್ತಿ, ರೇಷ್ಮೆಯ ಮೇಲೆ ಬೆಳಕು ಹೇಗೆ ಬಿದ್ದಿದೆ ಎಂದು ಉಸಿರು ಬಿಗಿಹಿಡಿದು ನೋಡುತ್ತಿದ್ದೆ.

ಕೆಲಸ ಒಪ್ಪಿಸಿದ ಮೇಲೆ ಡಾಕ್ಟರು ಎಣಿಸಿದರು. ಇಪ್ಪತ್ತಮೂರು. ರಾಜನ ಪ್ರೇಯಸಿ ಸ್ನಾನದ ತೊಟ್ಟಿಯಿಂದ ಎದ್ದು, ಎದೆಗೆ ಒದ್ದೆ ಬಟ್ಟೆ ಒತ್ತಿಕೊಂಡು ಕಾಗದ ಓದುವ ಚಿತ್ರ ಇರಲಿಲ್ಲ. ಅಂಗಡಿಯೆಲ್ಲ ಹುಡುಕಿದೆ. ಸಿಕ್ಕಿದ್ದು ನಿನ್ನ ನೋಟ್‌ಬುಕ್ಕು, ಅದರಲ್ಲಿ ನೀನು ಪೆನ್ಸಿಲಿನಲ್ಲಿ ಬರೆದಿದ್ದ ಅದೇ ಹೆಂಗಸು, ಅದೇ ಒದ್ದೆ ಬಟ್ಟೆ. ಡಾಕ್ಟರ ಎದುರಿಗೇ ಅದನ್ನು ಎತ್ತಿ ತೋರಿಸಿದೆ. "ಇಂಥದ್ದು ಬೇಕಾಗಿರೋದು ಈ ಮನೇಲಿ ಇನ್ಯಾರಿಗೆ? ಕಳ್ಳಿ, ಮಾನಗೆಟ್ಟವಳು" ಅಂದೆ. ಡಾಕ್ಟರು "ಇರಲಿ ಬಿಡಿ, ಒಂದು ಚಿತ್ರ ತಾನೆ" ಎಂದು ಎದ್ದೇ ಬಿಟ್ಟರು. ನಾನು ಬಿಡಲಿಲ್ಲ. ನೀನು ಅಳಲೂ ಇಲ್ಲ. "ನೋಡಿದ್ದೀನಿ ಅಪ್ಪ. ಕತ್ತರಿಸಿಲ್ಲ" ಅಂದೆ. ಎರಡೇ ಮಾತು. ಒಪ್ಪಿಕೊಳ್ಳದಿದ್ದರೆ ಹೊಸಿಲು ತುಳಿಯಬೇಡ ಅಂದೆ ನಾನು. ಅಮ್ಮ ಕತ್ತರಿ ಹಿಡಿದುಕೊಂಡು ನಿನ್ನ ಮುಖವನ್ನೂ ನನ್ನ ಮುಖವನ್ನೂ ನೋಡುತ್ತ ನಿಂತಿದ್ದಳು. ಮೂವತ್ತು ವರ್ಷ ಪುಸ್ತಕ ಕಟ್ಟಿದವನು ತನ್ನ ಕೆಲಸದ ಬಗ್ಗೆ ಖಚಿತವಾಗಿ ಹೇಳಿದ ಮೇಲೆ ಅವಳಾದರೂ ಏನು ಮಾಡಿಯಾಳು?

ಪುಟ್ಟೀ, ಚಿತ್ರ ಸಿಕ್ಕಿತು.

ನನಗೆ ಫ್ರೆಂಚ್ ಬರುವುದಿಲ್ಲವಲ್ಲ. ಚಿತ್ರದ ಹಿಂದೆ ಪೆನ್ಸಿಲಿನಲ್ಲಿ ಪುಟದ ಸಂಖ್ಯೆ ಗುರುತು ಹಾಕಿಕೊಂಡು, ಅದರ ಎದುರಿಗೆ ಅಂಟಿಸುತ್ತ ಹೋಗಿದ್ದೆ. ಈ ಚಿತ್ರದ ಹಿಂದೆ ನೂರ ಹನ್ನೆರಡು ಎಂದು ಮಾತ್ರ ಬರೆದಿದ್ದೆ, ಯಾವ ಸಂಪುಟವೆಂದು ಬರೆದಿರಲಿಲ್ಲ. ಎರಡೂ ಸಂಪುಟಗಳಲ್ಲಿ ನೂರ ಹನ್ನೆರಡನೇ ಪುಟಕ್ಕೆ ಒಂದೊಂದು ಚಿತ್ರವಿತ್ತು. ಮೊದಲನೆಯದಕ್ಕೆ ಹೋಗಬೇಕಾದ್ದು ಎರಡನೆಯದಕ್ಕೆ ಹೋಗಿ, ಅಲ್ಲಿದ್ದ ಬೇಟೆಯ ಚಿತ್ರದ ಬೆನ್ನಿಗೆ, ಮುಖ ಒಳಗಾಗಿ, ಕೂತಿತು. ಅಂಟು ಹಸಿಯಿದ್ದಾಗಲೇ ಪುಸ್ತಕವನ್ನು ಒತ್ತುಯಂತ್ರಕ್ಕೆ ಕೊಟ್ಟಿದ್ದೆ. ಎರಡು ಹಾಳೆ ಒಂದಾಗಿಬಿಟ್ಟವು. ಎಣಿಸಿದವರಿಗೆ ಅದು ಒಂದೇ ಚಿತ್ರ.

ಕಳೆದ ತಿಂಗಳು ಒದ್ದೆ ಹತ್ತಿ ಒತ್ತಿ, ತೆಳುವಾದ ಚಾಕುವಿನಿಂದ ಅರ್ಧ ದಿನ ಬಿಡಿಸಿದೆ. ಹೊರಬಂದಳು. ಭುಜದ ಹತ್ತಿರ ಬಣ್ಣ ಎದ್ದಿದೆ, ಬಟರ್ ಪೇಪರಿನ ಚೂರು ಕೆನ್ನೆಗೆ ಅಂಟಿಕೊಂಡಿದೆ. ಕಾಗದವನ್ನು ಇನ್ನೂ ಓದುತ್ತಲೇ ಇದ್ದಾಳೆ. ಅವಳನ್ನು ಮೊದಲನೇ ಸಂಪುಟದ ನೂರ ಹನ್ನೆರಡನೇ ಪುಟಕ್ಕೆ ಸೇರಿಸಿದೆ. ನೀನು ಕತ್ತರಿಸಿರಲಿಲ್ಲ. ಯಾರೂ ಕತ್ತರಿಸಿರಲಿಲ್ಲ. ಹದಿಮೂರು ವರ್ಷ ನೀನು ಹೊತ್ತ ಕಳಂಕ ನನ್ನ ಕೈಯ ಅಂಟಿನದು.

ಡಾಕ್ಟರ ಸೊಸೆಗೆ ಎಲ್ಲ ಹೇಳಿದೆ. "ಮಗಳಿಗೆ ಹೇಳಿದ್ರಾ?" ಅಂದಳು. ಬರೆಯುತ್ತೇನೆ ಅಂದೆ. ಆ ಮಾತಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅಮ್ಮನ ವಿಷಯ ಕೇಳಿದ್ದೀಯ. ಕೊನೆಯ ವಾರ ಪೂರ್ತಿ ಅವಳ ಬಾಯಲ್ಲಿ ನಿನ್ನದೇ ಮಾತು. ನಿನ್ನ ನೋಟ್‌ಬುಕ್ಕನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ಅದನ್ನು ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಅಷ್ಟರಿಂದಲೇ ನಿನಗೆ ಉತ್ತರ ಸಿಗಲಿ.

ಕ್ಷಮೆ ಕೇಳುವುದಕ್ಕೆ ನನಗೆ ಬಾಯಿಲ್ಲ. ಇನ್ನು ಈ ಮನೆಗೆ ನಿನ್ನನ್ನು ಕರೆದೂ ಏನು ಮಾಡಲಿ? ನೀನು ನೋಡಬೇಕಾದವಳೇ ಇಲ್ಲಿಲ್ಲ. ಎಲ್ಲಿದ್ದರೂ ನಿನ್ನ ಕಣ್ಣು ಚೆನ್ನಾಗಿರಲಿ, ಕೈಗೆ ಚಿತ್ರ ಒಲಿಯಲಿ, ನಿನ್ನ ಮಾತನ್ನು ನಂಬುವವರು ನಿನ್ನ ಸುತ್ತ ಇರಲಿ.

ನಿನ್ನ
ಅಪ್ಪ

ತಾ.ಕ.: ಕಾಗದವನ್ನು ಕವರಿಗೆ ಹಾಕಿದ್ದೆ. ಅಂಟು ಹಚ್ಚಲು ಕೈ ಏಳಲಿಲ್ಲ, ಮತ್ತೆ ತೆಗೆದೆ.

ಚಿತ್ರ ಸಿಕ್ಕಿದ್ದು ಕಳೆದ ತಿಂಗಳಲ್ಲ. ಎಂಟು ವರ್ಷದ ಹಿಂದೆ ಡಾಕ್ಟರು ಎರಡನೇ ಸಂಪುಟವನ್ನು ಬೆನ್ನು ಹೊಲಿಯಲು ತಂದಿದ್ದರು. ಹಾಳೆ ತಿರುಗಿಸುವಾಗ ಒಂದು ಕಡೆ ಬೆರಳಿಗೆ ದಪ್ಪ ಗೊತ್ತಾಯಿತು. ಮೂಲೆ ಸ್ವಲ್ಪ ಎದ್ದಿತ್ತು. ಇಣುಕಿದೆ. ಒದ್ದೆ ಪಾದ ಕಂಡಿತು, ತೊಟ್ಟಿಯ ಅಂಚು ಕಂಡಿತು. ಅಮ್ಮ ಎದುರಿಗೇ ಕೂತು ದಾರ ಪೋಣಿಸುತ್ತಿದ್ದಳು. "ಏನ್ರೀ, ಮುಖ ಹಾಗಾಯ್ತು?" ಅಂದಳು. "ಏನಿಲ್ಲ, ಹುಳ" ಅಂದೆ. ಅವಳು ಆ ಕಡೆ ತಿರುಗಿದಾಗ ಮೂಲೆಗೆ ಅಂಟು ಹಚ್ಚಿ ಒತ್ತಿಬಿಟ್ಟೆ. ಆ ದಿನದ ನನ್ನ ದಿನಚರಿಯಲ್ಲಿ ಇರುವುದು ಇಷ್ಟೇ: "ಮೋಡ. ಡಾಕ್ಟರ ಪುಸ್ತಕದ ಬೆನ್ನು ಹೊಲಿದೆ."

ನಿನ್ನ ಪ್ರಶ್ನೆಗೆ ಉತ್ತರ: ಹೌದು, ನಂಬಿದ್ದಳು. ಆಸ್ಪತ್ರೆಯಲ್ಲಿ ನಿನ್ನ ನೋಟ್‌ಬುಕ್ಕನ್ನು ಬಿಡಿಸಿ, "ಎಷ್ಟು ಚೆನ್ನಾಗಿ ಬರೀತಿದ್ಳು, ಕತ್ತರಿಸೋ ಬುದ್ಧಿ ಯಾಕೆ ಬಂತೋ" ಅಂದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನನ್ನ ಕೈ ಹಿಡಿದು, "ನಾನು ಅವಳನ್ನ ಕ್ಷಮಿಸಿದ್ದೀನಿ ಅಂತ ಬರೀರಿ. ನೀವೂ ಕ್ಷಮಿಸಿಬಿಡಿ" ಅಂದಳು. "ಆಯ್ತು, ಕ್ಷಮಿಸಿದೆ" ಅಂದೆ.