ತಾಶ್‌ಬುಲಾಕಿನ ಸೊನ್ನೆ

ಜೂನ್ 3, ಸೋಮವಾರ, ಬೆಳಿಗ್ಗೆ 8

ಮತ್ತೆ ಅದೇ ಪರದೆ. ಡೇರಿಯ ಕಾರಿಡಾರಿನಲ್ಲಿ ಗೋಡೆಯಗಲ ಟಿ.ವಿ., ಅದರ ತುಂಬ ಹಾಲಿನ ಲೆಕ್ಕ ತೋರಿಸುವ ಬಣ್ಣದ ಚಕ್ರಗಳು. ಎಣಿಸಿದೆ, ಇಪ್ಪತ್ತಾರು. ರಾಜಧಾನಿ ಬಿಷ್ಕೆಕ್ಕಿನ ಕಂಪ್ಯೂಟರ್ ಹುಡುಗರು ಮೂರು ವರ್ಷದ ಹಿಂದೆ ಮಾಡಿಕೊಟ್ಟ ಡ್ಯಾಶ್‌ಬೋರ್ಡ್. ಲಾರಿ ಡ್ರೈವರುಗಳು ಕತ್ತೆತ್ತಿಯೂ ನೋಡುವುದಿಲ್ಲ. 1983ರಲ್ಲಿ, ಸೋವಿಯತ್ ಕಾಲದಲ್ಲಿ, ಇದೇ ಗೋಡೆಯ ಮೇಲೆ ಇಲ್ಲಿನ ಲೆಕ್ಕದವಳಾದ ನಾನೇ ಕೆಂಪು ಬಾಣ ಬರೆದಿದ್ದೆ — ಯೋಜನೆ ಶೇಕಡಾ ನೂರಹನ್ನೆರಡು ಪೂರ್ಣ. ಅಂಗಡಿಯಲ್ಲಿ ಬೆಣ್ಣೆ ಇರಲಿಲ್ಲ. ಆಗ ಸುಳ್ಳಿಗೆ ಒಂದೇ ಬಣ್ಣವಾದರೂ ಇತ್ತು.

ಎಲ್ಲರ ಹಾಗೆ ನನ್ನನ್ನು ಎಜೆ, ಅಕ್ಕ, ಎನ್ನುವ ನಿರ್ದೇಶಕ ಮೆಡೆರ್ಬೆಕ್ ಒಂದು ಚಕ್ರಕ್ಕೆ ಬೆರಳಿಟ್ಟ. "ನೋಡಿ ಎಜೆ, ತಾಶ್‌ಬುಲಾಕ್ ಬೇಸಿಗೇಲಿ ಹಾಲೇ ಕೊಡಲ್ಲ. ಹದಿನಾಲ್ಕಕ್ಕೆ ಆ ಊರಿನ ಹಾಲಿನ ಸೆಂಟರ್ ಮುಚ್ಚೋ ಕಾಗದಕ್ಕೆ ಸಹಿ ಹಾಕ್ತೀನಿ."

ಅರವತ್ತೆರಡು ಮನೆ ಆ ಸೆಂಟರನ್ನೇ ನಂಬಿವೆ. ಮೊಣಕಾಲುದ್ದ ಹುಲ್ಲಿರುವ ತಿಂಗಳಲ್ಲಿ ಹಸುವಿನ ಹಾಲು ಇಳಿಯುತ್ತದೆಯೇ? ಚಕ್ರಕ್ಕೆ ಗೊತ್ತಿಲ್ಲ, ಸರಿ. ಇವನಿಗೂ...

ಜೂನ್ 5

ಡ್ರೈವರ್ ಅಸಾನನ ಹಾಲಿನ ಲಾರಿಯಲ್ಲಿ ಹೋದೆ. ಐದು ಊರು, ತಾಶ್‌ಬುಲಾಕ್ ಕೊನೆಯದು. ತಲುಪಿದಾಗ ಹನ್ನೊಂದೂ ಮುಕ್ಕಾಲು. ಹನ್ನೊಂದು ಕ್ಯಾನು ಬಿಸಿಲಲ್ಲಿ. ಸೆಂಟರ್ ನೋಡಿಕೊಳ್ಳುವ ಬಾತ್ಮಾ ಒಂದೊಂದನ್ನೇ ಮೂಸಿ, ಹುಳಿ ಬಂದ ಮೂರನ್ನು ಪಕ್ಕಕ್ಕೆ ಸರಿಸಿದಳು. ಅಸಾನ್ ಟ್ಯಾಬಿನಲ್ಲಿ ಲೆಕ್ಕ ತುಂಬಿದ. ಪಡೆದ ಹಾಲು, ಎಂಟು ಕ್ಯಾನು. ಚೆಲ್ಲಿದ ಹಾಲು, ಸೊನ್ನೆ.

"ಮೂರು ಕ್ಯಾನು ಎಲ್ಲೋ?"

"ಹಾಲು ಚೆಲ್ಲಿದೆ ಅಂತ ನೀವಾದ್ರೆ ಬರೀತೀರಾ, ಎಜೆ?"

ಬರೆಯುವುದಿಲ್ಲ. ಹಾಲು ಚೆಲ್ಲುವುದು ನಮ್ಮಲ್ಲಿ ಪಾಪ. ಒಂದು ತೊಟ್ಟು ನೆಲಕ್ಕೆ ಬಿದ್ದರೂ ಅಜ್ಜಿ ಬೆರಳಲ್ಲಿ ಒತ್ತಿ ನನ್ನ ಹಣೆಗೆ ಹಚ್ಚುತ್ತಿದ್ದಳು.

"ಮತ್ತೆ ಇದೇನಾಗುತ್ತೆ?"

"ಕರುಗಳು ಕುಡೀತವೆ," ಬಾತ್ಮಾ ನೆಲ ನೋಡುತ್ತ ಹೇಳಿದಳು.

ಬಿಷ್ಕೆಕ್ಕಿನ ಹುಡುಗರೂ ನಮ್ಮವರೇ. ಆದರೂ ಮನೆಯಲ್ಲಿ ಬಾಯಿಬಿಟ್ಟು ಆಡದ ಮಾತನ್ನು ಕಾಲಮ್ಮಿನ ತಲೆಗೆ ಕಟ್ಟಿದರು. ಮೂರು ವರ್ಷ ಸೊನ್ನೆ. ಆ ಸೊನ್ನೆಗೆ ಹಸಿರು ಬಣ್ಣ ಬೇರೆ. ಕರೆದ ಹಾಲು ಕರೆಯದ ಹಾಲಾಯಿತು, ಊರು ಸೋಮಾರಿಯಾಯಿತು.

ಜೂನ್ 6

ಕಂಪ್ಯೂಟರ್ ನೋಡಿಕೊಳ್ಳುವ ಐಜಿರೆಕ್ ಹತ್ತೇ ನಿಮಿಷದಲ್ಲಿ ಬದಲಿಸಿದಳು. ಅಸಾನನ ಐದೂ ಊರಿನ ‘ಚೆಲ್ಲಿದ ಹಾಲು’ ಕಾಲಮ್ಮಿಗೆ ಈಗ ಹೊಸ ಹೆಸರು — ಕರುಗಳಿಗೆ ಕೊಟ್ಟ ಹಾಲು.

ಜೂನ್ 10

ನಾಲ್ಕು ದಿನದಲ್ಲಿ ತಾಶ್‌ಬುಲಾಕಿನ ಕರುಗಳು ಕುಡಿದದ್ದು ನಾನೂರ ಎಪ್ಪತ್ತು ಲೀಟರು.

"ಒಂದೊಂದೂ ಒಂಟೆ ಆಗಿರ್ಬೇಕು," ಐಜಿರೆಕ್ ಬಿದ್ದು ಬಿದ್ದು ನಕ್ಕಳು.

ಚಕ್ರಗಳನ್ನೆಲ್ಲ ಅಳಿಸಿದೆವು. ಒಂದೇ ಚಿತ್ರ. ಲಾರಿ ತಲುಪುವ ಗಂಟೆಯ ಕ್ರಮದಲ್ಲಿ ಐದು ಊರು, ಪ್ರತಿ ಊರಿನ ಮೇಲೆ ಕರುಗಳ ಪಾಲು. ಎಂಟಕ್ಕೆ ಏನೂ ಇಲ್ಲ. ಒಂಬತ್ತೂವರೆಗೆ ಗುಡ್ಡೆ. ಹನ್ನೊಂದೂ ಮುಕ್ಕಾಲಿಗೆ ಪರ್ವತ. ಹತ್ತಿರದ ಊರುಗಳಲ್ಲಿ ತಣ್ಣೀರಿನ ತೊಟ್ಟಿ ಇದೆ, ಲಾರಿ ತಡವಾದರೂ ಅಲ್ಲಿ ಹಾಲು ಕೆಡುವುದಿಲ್ಲ. ಚಿತ್ರದ ಮೇಲೆ ದಪ್ಪಕ್ಷರ — ತಾಶ್‌ಬುಲಾಕಿಗೆ ಮೊದಲು ಹೋಗಿ. ಸ್ಟೀರಿಂಗ್ ಯಾವ ಕಡೆ ತಿರುಗಿಸಬೇಕೆಂದು ಹೇಳದ ಚಿತ್ರ ಡ್ರೈವರಿಗೆ ಯಾಕೆ?

ಜೂನ್ 13

ಹೊಸ ಚಿತ್ರ ಇವತ್ತು ಪರದೆಗೆ ಬಂತು, ಮುಂದೆ ಗುಂಪು. ನಿಜವಾದ ಗುಂಪು.

"ಈ ಪರ್ವತ ನಂದಾ?" ಅಸಾನ್.

"ನಿನ್ನ ಹೊಟ್ಟೆ ತರಾನೇ ಇದೆ," ಬೇರೆ ದಾರಿಯ ಡ್ರೈವರ್ ಜೂಮಾಲಿ.

ಮೆಡೆರ್ಬೆಕ್ ಬಂದು ಹುಬ್ಬು ಗಂಟಿಕ್ಕಿದ. "ಇಷ್ಟೇನಾ, ಎಜೆ? ಬಣ್ಣ ಎಲ್ಲಿ?"

"ಅರ್ಥ ಆಯ್ತೋ ಇಲ್ವೋ ಅದು ಹೇಳು."

ಬೆರಳಿಟ್ಟು ಎಂಟರಿಂದ ಹನ್ನೊಂದೂ ಮುಕ್ಕಾಲಿನವರೆಗೆ ಓದಿದ. ಕೊನೆಗೆ, "ನಾಳೆ ಒಂದಿನ ನೋಡೋಣ. ಮತ್ತೂ ಹುಳಿ ಬಂದ್ರೆ ಸಹಿ ಹಾಕೋದೇ."

ಜೂನ್ 14, ಮಧ್ಯಾಹ್ನ 2:20

ತಾಶ್‌ಬುಲಾಕಿನ ಹನ್ನೊಂದೂ ಕ್ಯಾನು ಸಿಹಿ. ಮೆಡೆರ್ಬೆಕ್ ಲ್ಯಾಬಿನಲ್ಲಿ ಎರಡು ಸಲ ಪರೀಕ್ಷೆ ಮಾಡಿಸಿದ, ಪುಣ್ಯಾತ್ಮ. ಆಮೇಲೆ ಸಹಿಯಿಲ್ಲದ ಕಾಗದವನ್ನು ನನ್ನ ಮೇಜಿನ ಮೇಲೆ ಹಾಕಿದ. "ಹಿಂದ್ಗಡೆ ಖಾಲಿ ಇದೆ, ಚಿತ್ರ ಬರ್ಕೊಳ್ಳಿ."

ಬಾತ್ಮಾಗೆ ಫೋನು ಮಾಡಿದೆ. ಅವಳು ಅಲ್ಲೇ ಬೀದಿಗೆ ಕೂಗಿ ಹೇಳಿದಳು. ಆಮೇಲೆ ಅರವತ್ತೆರಡು ಮನೆಯೂ ಒಟ್ಟಿಗೆ ಮಾತಾಡಿದ ಹಾಗೆ—

ಬಾಗಿಲಲ್ಲಿ ಜೂಮಾಲಿ. ಒಳಗೆ ಯಾರಿದ್ದಾರೆಂದು ನೋಡಿದ.

"ಒಬ್ರೇ ಇದೀರಾ, ಎಜೆ?"

"ಏನೋ?"

"ನಮ್ಮ ದಾರೀಲೂ... ಕರುಗಳಿವೆ."

ಬಾಗಿಲು ಮುಚ್ಚಿ ಎದುರು ಕೂತ. ಎಷ್ಟು ದಿನದಿಂದ, ಎಂದೆ. ಬೆರಳು ಮಡಚತೊಡಗಿದ. ಬರೆದುಕೊಳ್ಳಬೇಕು, ಈ ದಿನಚರಿಯಲ್ಲಲ್ಲ, ಆ ಸಹಿಯಿಲ್ಲದ ಕಾಗದ ಎಲ್ಲಿ—