ಮನೆಯೊಳಗೊಂದು ಕೆರೆ

ಯರಗುಪ್ಪಿ
೨೩ ನವೆಂಬರ್ ೨೦೨೫

ಪ್ರೀತಿಯ ಶೈಲಾ,

ಹೇಗಿದ್ದೀ? ದೀಪಾವಳಿಗೇ ಬರೆಯಲು ಕೂತಿದ್ದೆ, ಎರಡು ಸಾಲಿನ ಮುಂದೆ ಹೋಗಲಿಲ್ಲ. ತಡವಾಯಿತು, ಸಿಟ್ಟಾಗಬೇಡ. ನೀನು ಹೆರಿಗೆಗೆಂದು ತವರಿಗೆ ಹೋಗಿ ನಾಲ್ಕು ತಿಂಗಳಾಗುತ್ತ ಬಂತು. ಫೋನಿನಲ್ಲಿ ನಾನು "ಊಟಾ ಆತೇನು?" ಅನ್ನುತ್ತೇನೆ, ನೀನು "ಹೂಂ" ಅನ್ನುತ್ತೀ, ಅಷ್ಟಕ್ಕೇ ಮುಗಿಯುತ್ತದೆ. ಅದಕ್ಕೇ ಈ ಕಾಗದ.

ಅವ್ವ ಆರಾಮ ಇದ್ದಾಳೆ. ಕಡಲೆ ಚೆನ್ನಾಗಿ ಎದ್ದಿದೆ. ಇನ್ನು ದೊಡ್ಡ ಸುದ್ದಿ: ನಮ್ಮ ಪಡಸಾಲೆಯಲ್ಲಿ ಐದು ಫೂಟು ಉದ್ದದ ಗಾಜಿನ ತೊಟ್ಟಿ ಬಂದು ಕೂತಿದೆ. ಹುಬ್ಬಳ್ಳಿಯ ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ನೀನು ಅಂಥದೇ ಒಂದರ ಮುಂದಿನಿಂದ ಏಳಲೇ ಇಲ್ಲ. ಒಳಗೆ ತುಂಬ ಹಸಿರು ಗಿಡ, ನಡುವೆ ನಾಲ್ಕೈದು ಮೀನು. "ನಿಮ್ಮೂರಾಗ ಎಲ್ಲಿ ನೋಡಿದ್ರೂ ಕರೀ ಹೊಲಾನ ಐತ್ರಿ. ಇಂಥಾದು ಮನ್ಯಾಗ ಇದ್ರ ನಮ್ಮ ತಂಬೂರ ಕೆರಿ ಬಾಜೂಕ ಕುಂತಂಗ ಆಗ್ತೈತಿ" ಅಂದಿದ್ದೆ ನೀನು. ಆಗ ನಾನು ನಕ್ಕುಬಿಟ್ಟಿದ್ದೆ.

ಕುಂದಗೋಳದಲ್ಲಿ ಕಿಡಕಿಗೆ ಗಾಜು ಕೂಡಿಸುವ ಗುಲಾಮಹುಸೇನನಿಗೆ ಹೇಳಿದೆ. "ಕಿಡಕಿ ಗಾಜು ಗಾಳಿ ತಡದ್ರ ಸಾಕ್ರಿ ಸರ. ಇದು ನಾಕ್ನೂರು ಲೀಟರ್ ನೀರು ತಡೀಬೇಕು. ನಾ ಎಂದೂ ಮಾಡಿಲ್ಲ, ನೋಡೂಣು" ಅಂದ. ಮೊದಲ ಸಲ ತುಂಬಿಸಿದಾಗ ಒಂದು ಮೂಲೆ ಜಿನುಗಿ ಪಡಸಾಲೆಯೆಲ್ಲ ನೀರು. ಅವ್ವ ಹಳೆಯ ಧೋತರಗಳಿಂದ ಒರೆಸುತ್ತ, "ಹೊಲಕ್ಕ ಬಾರದ ನೀರು ಮನೀಗೆ ಬಂತು ನೋಡ್" ಅಂದಳು. ಅವನು ಬಂದು ಅಂಟನ್ನು ಕೆರೆದು ಮತ್ತೆ ಹಚ್ಚಿದ. ಈಗ ಒಂದು ಹನಿ ಸೋರುವುದಿಲ್ಲ.

ನಮ್ಮ ಎರೆಮಣ್ಣನ್ನು ಬಕೆಟ್ಟಿನಲ್ಲಿ ಹಾಕಿ ನೋಡಿದೆ, ವಾರವಾದರೂ ರಾಡಿ ತಿಳಿಯಾಗಲಿಲ್ಲ. ಬೋರಿನ ನೀರು ಸವಳು. ಹೀಗಾಗಿ ಮಾಳಿಗೆಯ ಮೇಲಿನ ಮಳೆನೀರನ್ನು ಡ್ರಮ್ಮುಗಳಲ್ಲಿ ಹಿಡಿದಿಟ್ಟೆ. ಮಣ್ಣಿಗೂ ಗಿಡಕ್ಕೂ ನಿಮ್ಮೂರಿಗೇ ಬಂದೆ.

ಹೌದು, ದೀಪಾವಳಿ ಮುಗಿದ ರವಿವಾರ ತಂಬೂರಿಗೆ ಬಂದಿದ್ದೆ. ನಿಮ್ಮಣ್ಣ ಶಂಭುಲಿಂಗಪ್ಪ ಮೊಣಕಾಲು ನೀರಿಗಿಳಿದು ರಿಬ್ಬನ್ನಿನಂಥ ಉದ್ದ ಎಲೆಯ ಗಿಡಗಳನ್ನು ಬೇರುಸಮೇತ ಕಿತ್ತುಕೊಟ್ಟ. ದಂಡೆಯ ಕೆಂಪು ಮಣ್ಣನ್ನು ಚೀಲಕ್ಕೆ ತುಂಬಿದೆವು. ಆಮೇಲೆ ಮನೆಗೆ ಕರೆದುಕೊಂಡು ಹೋದ. "ಶೈಲಾ ಈಗರ ಮಕ್ಕೊಂಡಾಳ. ಎಬ್ಬಸ್ಲೇನ್ರಿ?" ಅಂತ ಕೇಳಿದ. "ಬ್ಯಾಡ, ಮಕ್ಕೊಳ್ಳಿ" ಅಂದೆ. ಅಂಗಳದ ಹಗ್ಗದ ಮೇಲೆ ನಿನ್ನ ಹಸಿರು ಸೀರೆ ಒಣಗುತ್ತಿತ್ತು. ಸ್ವಲ್ಪ ಹೊತ್ತು ಅದರ ಹತ್ತಿರ ನಿಂತು ಬಸ್ಸು ಹತ್ತಿದೆ.

ಕೆಳಗೆ ಮಣ್ಣು, ಮೇಲೆ ತೊಳೆದ ಉಸುಕು ಹಾಕಿ, ಒಂದೊಂದೇ ಗಿಡ ನೆಟ್ಟು, ಮಣ್ಣು ಏಳದಂತೆ ತಾಟಿನ ಮೇಲೆ ನೀರು ಸುರಿದೆ. ಮೊದಲ ವಾರ ಎಲೆಗಳೆಲ್ಲ ಕರಗಿಹೋದವು. ಎಲ್ಲ ಮುಗಿಯಿತು ಅಂದುಕೊಂಡೆ. ಆಮೇಲೆ ಬುಡದಿಂದ ಎಳೆ ಎಲೆ ಬಂತು. ಗಿಡ ಬೇಗ ಚಿಗುರಲೆಂದು ಬಾಟಲಿಯಲ್ಲಿ ಸಕ್ಕರೆ, ಈಸ್ಟು ಕಲಸಿ ಅದರ ಗಾಳಿಯನ್ನು ನಳಿಕೆಯಿಂದ ನೀರಿಗೆ ಬಿಟ್ಟಾಗ ಅವ್ವ, "ಗಿಡಕ್ಕ ಸಕ್ಕರಿ ತಿನ್ನಸ್ತೀಯೇನಲೇ?" ಅಂತ ಬೈದಿದ್ದಳು. ಈಗ ಮಧ್ಯಾಹ್ನ ಎಲೆಗಳ ತುದಿಗೆ ಗುಳ್ಳೆ ಕೂಡುವುದನ್ನು ತೋರಿಸಲು ಬಾಜು ಮನೆಯ ಅಜೀಜಾಬಿಯನ್ನು ಅವಳೇ ಕರೆತರುತ್ತಾಳೆ.

ಮೀನು ಇನ್ನೂ ಬಿಟ್ಟಿಲ್ಲ. ನೀರು ಹದವಾಗಿದೆ, ಬಿಡಬಹುದು. "ಆಕಿ ಬಂದು ಆರಿಸ್ಲಿ, ನೀ ಕೈ ಹಚ್ಚಬ್ಯಾಡ" ಅಂದಿದ್ದಾಳೆ ಅವ್ವ. ಸಂಜೆ ಶಾಲೆಯಿಂದ ಬಂದು ಚಹಾ ಹಿಡಿದು ಅದರ ಮುಂದೆ ಕೂಡುತ್ತೇನೆ. ಕುರ್ಚಿ ಎರಡು ಹಾಕಿದ್ದೇನೆ.

ಅವಸರ ಮಾಡಲು ಬರೆದದ್ದಲ್ಲ ಇದು. ಮನಸ್ಸಾದ ದಿನ ಹೇಳು, ನಾನೇ ಬಂದು ಕರೆತರುತ್ತೇನೆ. ಅಲ್ಲಿಯ ಹಿರಿಯರಿಗೆ ನಮಸ್ಕಾರ. ಹೊತ್ತಿಗೆ ಸರಿಯಾಗಿ ಉಣ್ಣು. ಅವ್ವ ನಿನ್ನ ತಲೆ ಸವರಿದಳೆಂದು ಬರೆ ಅಂದಳು, ಬರೆದಿದ್ದೇನೆ.

ನಿನ್ನ
ಈರೇಶ

ತಾ.ಕ.: ಅವತ್ತು ಆಸ್ಪತ್ರೆಯಲ್ಲಿ ನಿನಗೆ ಎಚ್ಚರವಾಗುವ ಮೊದಲೇ ಹಿರಿಯರು ಕೂಸನ್ನು ಮಣ್ಣು ಮಾಡಲು ಒಯ್ದರು. ನೀನು ನೋಡಲಿಲ್ಲ. ಆಮೇಲೂ ಯಾರನ್ನೂ ಏನೂ ಕೇಳಲಿಲ್ಲ. ಒಯ್ಯುವ ಮುಂಚೆ ನಾನು ಎತ್ತಿಕೊಂಡಿದ್ದೆ, ಶೈಲಾ. ಗದ್ದ ನಿನ್ನದೇ ಇತ್ತು. ತಲೆತುಂಬ ಕೂದಲು. ಉಳಿದದ್ದನ್ನು ನಿನ್ನೆದುರು ಕೂತು ಹೇಳಬೇಕು. ನಮ್ಮ ಮಗಳ ಮಾತನ್ನು ನಾನು ಬೇರೆ ಯಾರ ಮುಂದೆ ಆಡಲಿ?