ದೊಯ್ ಸುತೇಪ್ ಏರಿದ ಬೆಳಿಗ್ಗೆ

ಚಿಯಾಂಗ್ ಮಾಯ್
ಬುದ್ಧವರ್ಷ ೨೫೬೬, ನವೆಂಬರ್ ೧೪

ಪ್ರೀತಿಯ ಉವಾಂಗಕ್ಕನಿಗೆ ನಮಸ್ಕಾರ.

ಮಂಡಿನೋವು ಹೇಗಿದೆ? ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೈಯಬೇಡ. ಬರೆಯಲು ಕೂತರೆ ಎದ್ದುಬಿಡುತ್ತೇನೆ. ಒರೆಸಿದ ನೆಲವನ್ನೇ ಮತ್ತೆ ಒರೆಸುತ್ತೇನೆ, ಸುಮ್ಮನೆ ಗೇಟಿನ ತನಕ ಹೋಗಿ ಬರುತ್ತೇನೆ.

ಮಳೆಗಾಲದ ಮೂರು ತಿಂಗಳಿಗೆಂದು ಭಿಕ್ಷುವಾಗಿ ಚೀವರ ಉಟ್ಟು ದೊಯ್ ಸುತೇಪ್ ಬೆಟ್ಟ ಹತ್ತಿದ ನಮ್ಮವರು ವರ್ಷಾವಾಸ ಮುಗಿದರೂ ಇಳಿದು ಬರಲಿಲ್ಲ. ಜೊತೆಗೆ ಹೋದವರೆಲ್ಲ ಆಗಲೇ ತಲೆಯಲ್ಲಿ ಕೂದಲು ಚಿಗುರಿಸಿಕೊಂಡು ಓಡಾಡುತ್ತಿದ್ದಾರೆ. "ಇಂಖಾಮ್ ಯಾವಾಗ್ ಬರ್ತಾನೆ?" ಎಂದು ಮಾರ್ಕೆಟ್ಟಿನಲ್ಲಿ ಕೇಳದವರಿಲ್ಲ. ನಿನ್ನೆ ತಡೆಯಲಾಗಲಿಲ್ಲ. ಬೆಳಗಾಗುತ್ತಲೇ ಅವರ ಸೈಕಲ್ಲನ್ನೇ ತೆಗೆದು, ಅಂಟನ್ನ, ಸುಟ್ಟ ಹಸಿಮೆಣಸಿನಕಾಯಿ ಚಟ್ನಿ ಕಟ್ಟಿಕೊಂಡು ಹೊರಟೆ. ಬೆಟ್ಟಕ್ಕೆ ಹೋಗುವ ಕೆಂಪು ಬಾಡಿಗೆ ಗಾಡಿಯಲ್ಲಿ ಹೋಗಬಾರದಿತ್ತೇ ಅನ್ನುತ್ತೀ. ಕೈಕಟ್ಟಿ ಕೂರುವುದೇ ಆಗುತ್ತಿಲ್ಲವಲ್ಲ!

ಅಕ್ಕಾ, ಆ ಏರು! ಒಂದು ತಿರುವು ಮುಗಿಯಿತೆಂದರೆ ಅದಕ್ಕಿಂತ ಕಡಿದಾದದ್ದು ಎದುರಿಗೆ. ಇಳಿಸಲು ಗೇರೇ ಉಳಿದಿರಲಿಲ್ಲ. ಬಿಗಿ ಚಡ್ಡಿಯ ಸೈಕಲ್ ಗುಂಪೊಂದು ನನ್ನನ್ನು ದಾಟಿತು. "ದೊಡ್ಡಮ್ಮಾ, ಪುಣ್ಯ ಬೇಕಾ, ಕಾಲು ಬೇಕಾ? ಇಳಿದು ತಳ್ಳಿ!" ಎಂದ ಒಬ್ಬ.

"ತಳ್ಳೋಕೆ ನಿಮ್ಮಪ್ಪನ್ನ ಕಳಿಸು!" ಎಂದೆ.

ಎಲ್ಲರೂ ನಕ್ಕರು. ನಗು ನನಗೂ ಬಂತು, ಉಸಿರು ಮಾತ್ರ ಬರಲಿಲ್ಲ. ಜಲಪಾತದ ಹತ್ತಿರ ಇಳಿದು ವಾಂತಿ ಮಾಡಿಕೊಂಡೆ. ಕೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತಿದ್ದೆ. ಅದು ಒಂದು ತಿರುವಿನಲ್ಲಿ ಬೈಗುಳವಾಗುತ್ತಿತ್ತು, ಇನ್ನೊಂದರಲ್ಲಿ ಬೇಡಿಕೆಯಾಗುತ್ತಿತ್ತು.

ವಿಹಾರ ತಲುಪಿದಾಗ ಅವರು ಅಂಗಳ ಗುಡಿಸುತ್ತಿದ್ದರು. ನನ್ನನ್ನು ನೋಡಿ, ಪೊರಕೆ ಗೋಡೆಗೆ ಒರಗಿಸಿ ಜಗಲಿಯ ಮೇಲೆ ದೂರ ಕೂತರು. ಮೂರು ಸಲ ಬಾಗಿ ನಮಸ್ಕರಿಸಿದೆ. ಬುತ್ತಿ ನೀಡಿದರೆ, ನನ್ನ ಕೈ ತಗಲದಂತೆ ಮುಂದೊಂದು ಬಟ್ಟೆ ಹಾಸಿದರು.

"ಭಂತೇ, ಮನೆಗೆ ಯಾವಾಗ?"

"ಇಲ್ಲೇ ಇದ್ಬಿಡೋಣ ಅಂತಿದೀನಿ, ಉಪಾಸಿಕೆ. ನೀವು ಒಪ್ಪಿದ್ರೆ."

ಉಪಾಸಿಕೆ! ಯಾರೋ ಭಕ್ತೆಯನ್ನು ಕರೆದ ಹಾಗೆ. 'ಲೇ ದುವನ್, ಸಾಕ್ಸ್ ಎಲ್ಲಿ?' ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ ಬಾಯಿ ಅದು.

"ಒಪ್ಪದೆ ಹೋದ್ರೆ?"

"ಇಳಿದು ಬರ್ತೀನಿ."

ಸುಳ್ಳಾಡುವ ಮನುಷ್ಯ ಅಲ್ಲ. ನಾನು ಬೇಡ ಅಂದಿದ್ದರೆ ನಿಜವಾಗಿಯೂ ಬರುತ್ತಿದ್ದರು. ಬಾಯಿಪಾಠ ಮಾಡಿದ್ದೆಲ್ಲ ಬಿಟ್ಟು, "ಒಪ್ಪಿದೆ" ಎಂದುಬಿಟ್ಟೆ.

ಇಳಿಯುವಾಗ ಬ್ರೇಕ್ ಅದುಮಿ ಅದುಮಿ ಬೆರಳು ಮರಗಟ್ಟಿದವು. ಈಗಲೂ ಪೆನ್ನು ನೆಟ್ಟಗೆ ನಿಲ್ಲುತ್ತಿಲ್ಲ, ಅಕ್ಷರ ನೋಡಿ ನಗಬೇಡ. ಇಲ್ಲಿಗೆ ಓಡಿ ಬರಲೂಬೇಡ. ತ್ರಿರತ್ನಗಳ ನೆರಳು ನಿನ್ನ ಮೇಲೆ, ಮಕ್ಕಳ ಮೇಲೆ ಸದಾ ಇರಲಿ.

ನಿನ್ನ ತಂಗಿ,
ಸೇಂಗ್‌ದುವನ್

ಕಾಗದ ಮಡಿಚಿ ಮತ್ತೆ ಬಿಚ್ಚಿದೆ. ಯಾಕೆ ಒಪ್ಪಿದೆ ಎಂದು ನೀನು ಕೇಳದೆ ಬಿಡುವವಳಲ್ಲ. ನಾನು ಅಂಗಳಕ್ಕೆ ಬಂದದ್ದು ಮೊದಲು ಅವರಿಗೆ ಗೊತ್ತಾಗಲಿಲ್ಲ. ತಮ್ಮಷ್ಟಕ್ಕೆ ಎಲೆ ಗುಡಿಸುತ್ತಿದ್ದರು. ಮುಖ ತಿಳಿನೀರಿನ ಹಾಗಿತ್ತು. ಮದುವೆಯಾದಂದಿನಿಂದ ನಮ್ಮ ಮನೆಯಲ್ಲಿ ಆ ಮುಖವನ್ನು ನಾನು ಒಮ್ಮೆಯೂ ಕಂಡಿರಲಿಲ್ಲ, ಅಕ್ಕಾ. ನನ್ನನ್ನು ನೋಡಿದ ಕೂಡಲೇ ಅದು ಹೊರಟುಹೋಯಿತು.